ತೋಟದ ವಸ್ತಿಗೆ ಅಂಗನವಾಡಿ ಬೇಕಾ? ಹೀಗೆ ಕೇಳಿ

ಜಮಖಂಡಿ, ಮುಧೋಳ ಕಡೆ ಅರ್ಧ ಊರು ಇರುವುದೇ ತೋಟದ ವಸ್ತಿಗಳಲ್ಲಿ, ಅಂದರೆ ಹೊಲದಲ್ಲೇ ಕಟ್ಟಿಕೊಂಡ ಮನೆಗಳ ಗುಂಪುಗಳಲ್ಲಿ. ಅಂಗನವಾಡಿ ಮಾತ್ರ ಊರೊಳಗೆ. ಎರಡೂ ಬದಿ ಆಳೆತ್ತರದ ಕಬ್ಬು, ನಡುವೆ ಕೆನಾಲು, ಸೀಜನ್ ಶುರುವಾದರೆ ಕಬ್ಬು ಹೇರಿಕೊಂಡ ಟ್ರ್ಯಾಕ್ಟರುಗಳು. ಮೂರು ವರ್ಷದ ಕೂಸು ಇದನ್ನೆಲ್ಲ ದಾಟಿ ಹೋಗುತ್ತದಾ? ಹೋಗಲ್ಲ. ಕೂಲಿಗೆ ಹೋಗುವ ಅವ್ವ ಅದನ್ನೂ ಕರಕೊಂಡು ಹೋಗಿ ಬದುವಿನ ಮೇಲೆ ಕೂರಿಸುತ್ತಾಳೆ.

ಇಂಥ ಕಡೆಯವರು ಅಂಗನವಾಡಿಯನ್ನು ಹಕ್ಕಿನಿಂದ ಕೇಳಬಹುದು. ಆರು ವರ್ಷದೊಳಗಿನ 40 ಮಕ್ಕಳಿದ್ದು ಅಂಗನವಾಡಿ ಇಲ್ಲದ ಹಳ್ಳಿಗಾಡಿನ ವಸ್ತಿ ಅಥವಾ ಕೊಳಗೇರಿಯ ಜನ ಕೇಳಿದರೆ, ಮೂರು ತಿಂಗಳೊಳಗೆ ಕೊಡಬೇಕು ಅಂತ ಸುಪ್ರೀಂ ಕೋರ್ಟ್ 2006ರ ಡಿಸೆಂಬರ್ 13ರಂದೇ ಹೇಳಿದೆ. ನಿಮ್ಮ ವಸ್ತಿಯಲ್ಲಿ ಅಷ್ಟು ಮಕ್ಕಳಿಲ್ಲವಾದರೆ ಪಕ್ಕದ ಎರಡು ಮೂರು ವಸ್ತಿಯವರನ್ನು ಸೇರಿಸಿಕೊಳ್ಳಿ.

ಮೊದಲ ಕೆಲಸ ಪಟ್ಟಿ. ಇಲ್ಲಿ ಅವಸರ ಬೇಡ, ಮುಂದಿನದೆಲ್ಲ ಇದರ ಮೇಲೆಯೇ ನಿಂತಿರುತ್ತದೆ. ಇನ್ನೂರು ಪೇಜಿನ ನೋಟ್‌ಬುಕ್ ಹಿಡಿದು ಮನೆ ಮನೆಗೆ ಹೋಗಿ. ಮಗುವಿನ ಹೆಸರು, ಹುಟ್ಟಿದ ತಾರೀಖು, ತಾಯಿ ಹೆಸರು, ಮೊಬೈಲ್, ಆಮೇಲೆ ಈಗಿನ ಅಂಗನವಾಡಿ ಎಷ್ಟು ದೂರ ಅನ್ನುವುದು. ತಾರೀಖನ್ನು ಬಾಯಿಮಾತಿನ ಮೇಲೆ ಬರೆಯಬೇಡಿ, "ಹೋದ ಯುಗಾದಿಗೆ ಮುಂಚೆ ಹುಟ್ಟ್ಯಾನ್ರೀ" ಅಂದರೆ ಯಾವ ಆಫೀಸಿನಲ್ಲೂ ನಡೆಯಲ್ಲ, ತಾಯಿ ಕಾರ್ಡ್ ತೆಗೆಸಿ ನೋಡಿ ಬರೆಯಿರಿ. ಗರ್ಭಿಣಿಯರು, ಬಾಣಂತಿಯರಿಗೆ ಬೇರೆ ಪುಟ. ಪ್ರತಿ ಮನೆಯಿಂದ ಸಹಿ ಅಥವಾ ಹೆಬ್ಬೆಟ್ಟು ತಗೊಳ್ಳಿ, ಅದೂ ತಾಯಂದಿರದ್ದು. ಗಂಡಸರ ಸಹಿ ಮಾತ್ರ ಇರುವ ಅರ್ಜಿ ನೋಡಿದರೆ ಯಾರೋ ರಾಜಕೀಯಕ್ಕೆ ಬರೆಸಿದ್ದು ಅನಿಸುತ್ತದೆ, ಸುಳ್ಳು ಹೇಳಲ್ಲ.

ಈಗಿರುವ ಅಂಗನವಾಡಿ ಅಕ್ಕೋರ ಹತ್ತಿರವೂ ಮಾತಾಡಿ. ತಮ್ಮ ಮಕ್ಕಳ ಸಂಖ್ಯೆ ಕಮ್ಮಿಯಾಗುತ್ತದೆ ಅನ್ನೋ ಹೆದರಿಕೆ ಅವರಿಗೆ ಇದ್ದೇ ಇರುತ್ತದೆ. ಜಗಳಕ್ಕೆ ನಿಲ್ಲಬೇಡಿ, ಮಂಜೂರು ಮಾಡುವುದು ಅವರ ಕೈಯಲ್ಲಿಲ್ಲ.

ಪಟ್ಟಿ ಆದ ಮೇಲೆ ವಾರ್ಡ್ ಸಭೆ, ಗ್ರಾಮಸಭೆ. ಹೆಂಗಸರು ಕೂಸುಗಳನ್ನು ಕರಕೊಂಡೇ ಬರಲಿ. "ನೋಡೋಣ ಬಿಡ್ರಿ" ಅಂತಾರೆ, ಬಿಡಬೇಡಿ. ಠರಾವು (ಸಭೆಯ ನಿರ್ಣಯ) ಬರೆಸಿ, ಪಂಚಾಯಿತಿಯ ಪಿಡಿಒ ಹತ್ತಿರ ಅದರ ನಕಲು ತಗೊಂಡೇ ಎದ್ದು ಬನ್ನಿ.

ಅರ್ಜಿ, ಪಟ್ಟಿ, ಠರಾವು ಮೂರನ್ನೂ ತಾಲೂಕಿನ ಸಿಡಿಪಿಒ (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಆಫೀಸಿಗೆ ಕೊಡಿ, ಇನ್ನೊಂದು ಪ್ರತಿ ಬಾಗಲಕೋಟೆಗೆ, ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯ ಉಪನಿರ್ದೇಶಕರಿಗೆ. ನಿಮ್ಮ ಪ್ರತಿಯ ಮೇಲೆ ಸೀಲು, ತಾರೀಖು, ಇನ್‌ವರ್ಡ್ ನಂಬರ್ (ಆಫೀಸಿಗೆ ಬಂದ ಅರ್ಜಿಗೆ ಹಾಕುವ ನಂಬರ್) ಬೀಳಲೇಬೇಕು. ಸೀಲಿಲ್ಲದ ಅರ್ಜಿ ಕೊಟ್ಟರೂ ಒಂದೇ, ಬಿಟ್ಟರೂ ಒಂದೇ.

"ಜಾಗ ಎಲ್ಲಿದೆ?" ಅಂತ ಕೇಳಿಯೇ ಕೇಳುತ್ತಾರೆ. ಹತ್ತಿರದ ಶಾಲೆಯಲ್ಲಿ ಖಾಲಿ ಕೋಣೆ ಇದ್ದರೆ ತೋರಿಸಿ, ಇಲ್ಲದಿದ್ದರೆ ಬಾಡಿಗೆ ಮನೆಯಲ್ಲೂ ಅಂಗನವಾಡಿ ನಡೆಯುತ್ತದೆ. ಕಟ್ಟಡ ಆಗಲಿ ಅಂತ ಕಾಯುತ್ತಾ ಕೂತರೆ ಕೂಸುಗಳು ಒಂದನೇ ಕ್ಲಾಸಿಗೆ ಹೋಗಿಬಿಟ್ಟಿರುತ್ತವೆ. ಇನ್ನೊಂದು ಮಾತು. ಹೊಸ ಕೇಂದ್ರ ಸುಲಭಕ್ಕೆ ಸಿಗಲ್ಲ, ಇಡೀ ದೇಶಕ್ಕೆ 14 ಲಕ್ಷ ಅಂತ ಮಿತಿ ಇದೆ. ಅದಕ್ಕೇ ಅರ್ಜಿಯಲ್ಲೇ ಎರಡನೇ ದಾರಿಯನ್ನೂ ಬರೆದುಬಿಡಿ: ತಾಲೂಕಿನಲ್ಲಿ ಮಕ್ಕಳೇ ಇಲ್ಲದ ಕೇಂದ್ರ ಇದ್ದರೆ ಅದನ್ನು ಇಲ್ಲಿಗೆ ಸ್ಥಳಾಂತರ ಮಾಡಿ ಅಂತ. ನನ್ನ ಪ್ರಕಾರ ಇದಕ್ಕೇ ಜಾಸ್ತಿ ಬೆಲೆ.

ಅಲ್ಲಿಯವರೆಗೆ ಸುಮ್ನೆ ಕೂರಬೇಡಿ, ಮಕ್ಕಳ ಹೆಸರನ್ನು ಊರಿನ ಅಂಗನವಾಡಿಯಲ್ಲೇ ಬರೆಸಿ. ಆರು ತಿಂಗಳಿಂದ ಮೂರು ವರ್ಷದವರಿಗೆ ಆಹಾರ ಮನೆಗೇ ಕೊಡುತ್ತಾರೆ, ದಿನಾ ನಡೆಯುವ ಗೋಜಿಲ್ಲ. ಬಿಪಿಎಲ್ ಕಾರ್ಡ್ ಇಲ್ಲ ಅಂತ ವಾಪಸ್ ಕಳಿಸುವ ಹಾಗಿಲ್ಲ, ಅಂಗನವಾಡಿಗೆ ಬಡತನದ ಕಾರ್ಡ್ ಕೇಳಬಾರದು ಅಂತ ಕೋರ್ಟ್ 2004ರಲ್ಲೇ ಹೇಳಿದೆ. ಮಗುವಿಗೆ ಆಧಾರ್ ಇಲ್ಲವೇ? ತಾಯಿಯ ಆಧಾರ್ ನಡೆಯುತ್ತದೆ. ಕಬ್ಬು ಕಡಿಯಲು ಬೇರೆ ಕಡೆ ಹೋಗುವವರು ಹೊರಡುವ ಮುಂಚೆ ಅಕ್ಕೋರಿಗೆ ಹೇಳಿ ಹೋಗಿ, ಅವರ ಮೊಬೈಲಿನ ಪೋಷಣ್ ಟ್ರ್ಯಾಕರ್ ಅನ್ನೋ ಆ್ಯಪ್‌ನಲ್ಲಿ ಹೆಸರನ್ನು ಹೋದ ಊರಿನ ಅಂಗನವಾಡಿಗೆ ವರ್ಗ ಮಾಡಲು ಬರುತ್ತದೆ.

ಮೂರು ತಿಂಗಳಾದರೂ ಉತ್ತರ ಇಲ್ಲವಾದರೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ. ಹತ್ತು ರೂಪಾಯಿ ಫೀಸು. ನಮ್ಮ ರಾಜ್ಯದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ, ಹಾಗಾಗಿ ಪುರಾಣ ಬೇಡ. ಇಂಥ ಇನ್‌ವರ್ಡ್ ನಂಬರಿನ ಅರ್ಜಿ ಈಗ ಯಾರ ಟೇಬಲ್ ಮೇಲಿದೆ, ಯಾವ ತಾರೀಖಿನಿಂದ ಇದೆ, ಅದರ ಮೇಲೆ ಏನು ಬರೆದಿದ್ದಾರೆ, ಇಷ್ಟೇ ಕೇಳಿ. 30 ದಿನದಲ್ಲಿ ಉತ್ತರ ಕೊಡಬೇಕು.