ಮಾಂದಲಪಟ್ಟಿಯಲ್ಲಿ ನೆಟ್‌ವರ್ಕ್ ಇಲ್ಲದಿದ್ದರೂ ಬೆಟ್ಟದ ಹೆಸರು ಹೇಳುವ ಆ್ಯಪ್

ಕೊಡಗಿನ ಮಾಂದಲಪಟ್ಟಿ ತುದಿಯಲ್ಲಿ ನಿಂತರೆ ಸುತ್ತಲೂ ಬೆಟ್ಟವೋ ಬೆಟ್ಟ. ಯಾವುದು ಪುಷ್ಪಗಿರಿ, ಯಾವುದು ಕೋಟೆಬೆಟ್ಟ ಅಂತ ಫೋನಲ್ಲಿ ನೋಡೋಣ ಅಂದರೆ ಸಿಗ್ನಲ್ ಕೈಕೊಡುತ್ತದೆ. ಬೇಕಾದ್ದನ್ನೆಲ್ಲ ಮನೆಯಲ್ಲೇ ಫೋನಿಗೆ ತುಂಬಿಕೊಂಡು ಹೋಗುವ ವೆಬ್ ಆ್ಯಪ್ ಮಾಡಿಕೊಳ್ಳಿ. ಜಾವಾಸ್ಕ್ರಿಪ್ಟ್ ಸ್ವಲ್ಪ ಬಂದರೆ ಸಾಕು.

ಮೊದಲು ಎತ್ತರದ ಡೇಟಾ. 2000ರಲ್ಲಿ ನಾಸಾ ಸ್ಪೇಸ್ ಶಟಲ್‌ನಿಂದ ರೇಡಾರ್‌ನಲ್ಲಿ ಅಳೆದ ಎಸ್‌ಆರ್‌ಟಿಎಂ ಡೇಟಾ ಪುಕ್ಕಟೆ ಸಿಗುತ್ತದೆ. ಎನ್12ಇ075 (12 ಡಿಗ್ರಿ ಉತ್ತರ, 75 ಡಿಗ್ರಿ ಪೂರ್ವದಿಂದ ಶುರುವಾಗುವ ಚೌಕ) ಅನ್ನುವ ಒಂದೇ ಫೈಲಲ್ಲಿ ಮಡಿಕೇರಿ, ತಡಿಯಂಡಮೋಳ್, ಪುಷ್ಪಗಿರಿ ಎಲ್ಲ ಬಂತು. ಬ್ರಹ್ಮಗಿರಿ ಬೇಕಂದರೆ ಎನ್11ಇ075 ಕೂಡ ಇಳಿಸಿ. ಸುಮಾರು 30 ಮೀಟರ್‌ಗೊಂದು ಎತ್ತರ ಇರುವ ಡೇಟಾದ ಫೈಲ್ ಒಂದೊಂದೂ ಸುಮಾರು 26 ಎಂಬಿ, 90 ಮೀಟರ್‌ನದು 3 ಎಂಬಿಯೂ ಇಲ್ಲ. ಶುರುವಿಗೆ ಚಿಕ್ಕದೇ ಸಾಕು. ಬೆಟ್ಟಗಳ ಹೆಸರನ್ನು ಜನರೇ ಸೇರಿ ಮಾಡಿದ ಪುಕ್ಕಟೆ ನಕ್ಷೆ ಓಪನ್‌ಸ್ಟ್ರೀಟ್‌ಮ್ಯಾಪ್‌ನಿಂದ ತೆಗೆದುಕೊಳ್ಳಿ, ಆದರೆ ಊರಿನ ಹಿರಿಯರಿಗೂ ಒಮ್ಮೆ ತೋರಿಸಿ. ಮೊಟ್ಟೆ, ಕುಂದು ಅಂತ ಅವರು ಕರೆಯುವ ಎಷ್ಟೋ ಬೆಟ್ಟಗುಡ್ಡ ಆ ನಕ್ಷೆಯಲ್ಲಿ ಇರೋದಿಲ್ಲ.

ಇನ್ನು ನಿಜವಾದ ಕೆಲಸ: ಯಾವ ಬೆಟ್ಟ ಯಾವುದರ ಹಿಂದೆ ಅಡಗಿದೆ ಅಂತ ಕಂಡುಹಿಡಿಯೋದು. ನೀವು ನಿಂತ ಜಾಗದಿಂದ ಅರ್ಧ ಡಿಗ್ರಿಗೊಂದರಂತೆ 720 ದಿಕ್ಕಿಗೆ ಗೆರೆ ಎಳೆಯಿರಿ, ಒಂದೊಂದು ಗೆರೆಯಲ್ಲೂ 100 ಮೀಟರ್‌ಗೊಮ್ಮೆ ನಿಂತು ಅಲ್ಲಿನ ಎತ್ತರ ಓದಿ, ಅದರಿಂದ ನೀವು ನಿಂತ ಜಾಗದ ಎತ್ತರ ಕಳೆದು ದೂರದಿಂದ ಭಾಗಿಸಿ. ಅಲ್ಲಿವರೆಗೆ ಬಂದ ಅತಿ ದೊಡ್ಡ ಸಂಖ್ಯೆಗಿಂತ ಬೆಟ್ಟದ ತುದಿಯ ಸಂಖ್ಯೆ ಜಾಸ್ತಿ ಇದ್ದರೆ ಅದು ಕಾಣುತ್ತದೆ, ಇಲ್ಲದಿದ್ದರೆ ಇಲ್ಲ. ಅಷ್ಟೇ. ಭೂಮಿ ದುಂಡಗಿರೋದನ್ನು ಮಾತ್ರ ಮರೆಯಬೇಡಿ. ಮಡಿಕೇರಿಯಿಂದ ತಡಿಯಂಡಮೋಳ್‌ಗೆ ನೇರ ದೂರ ಸುಮಾರು 26 ಕಿ.ಮೀ., ಅಷ್ಟು ದೂರಕ್ಕೆ 1748 ಮೀಟರ್‌ನ ಆ ಬೆಟ್ಟ ಸುಮಾರು 50 ಮೀಟರ್ ತಗ್ಗಿದಂತೆ ಕಾಣುತ್ತದೆ.

ಫೋನ್ ಯಾವ ಕಡೆ ತಿರುಗಿದೆ ಅಂತ ಹೇಳುವ ಅದರ ದಿಕ್ಸೂಚಿಯನ್ನು ಪೂರ್ತಿ ನಂಬಬೇಡಿ. ಜೀಪಿನ ಬಾನೆಟ್ ಮೇಲೆ ಫೋನಿಟ್ಟು ನೋಡಿದಾಗ ನನ್ನ ಆ್ಯಪ್ ಪುಷ್ಪಗಿರಿಯನ್ನು ಎತ್ತಿ ಕಣಿವೆ ಮೇಲಿಟ್ಟಿತ್ತು! ಕಬ್ಬಿಣ ಹತ್ತಿರ ಇದ್ದರೆ ಹೀಗೇ. ಅದಕ್ಕೆ ಗೊತ್ತಿರುವ ಒಂದು ಬೆಟ್ಟ ಹಿಡಿದು, ಪರದೆ ಮೇಲೆ ಬರುವ ಬೆಟ್ಟಸಾಲಿನ ಗೆರೆಯನ್ನು ಬೆರಳಲ್ಲಿ ಎಳೆದು ಅದಕ್ಕೆ ಕೂರಿಸುವ ಸೌಲಭ್ಯ ಕೊಡಿ. ಐಫೋನಲ್ಲಿ ಸೆನ್ಸರ್ ಓದಬೇಕಂದರೆ ಬಳಸುವವರು ಬಟನ್ ಒತ್ತಿ ಅನುಮತಿ ಕೊಡಲೇಬೇಕು, ಸುಮ್ನೆ ತಾನಾಗಿ ಶುರುವಾಗೋದಿಲ್ಲ.

ಕೊನೆಗೆ ಸರ್ವಿಸ್ ವರ್ಕರ್, ಅಂದರೆ ನೆಟ್ ಇಲ್ಲದಾಗಲೂ ಪುಟ ತೆರೆಯುವಂತೆ ಬ್ರೌಸರ್‌ನ ಹಿನ್ನೆಲೆಯಲ್ಲಿ ಕೆಲಸ ಮಾಡುವ ಸ್ಕ್ರಿಪ್ಟ್. ಪುಟ, ಸ್ಕ್ರಿಪ್ಟ್, ಎತ್ತರದ ಫೈಲ್, ಹೆಸರಿನ ಪಟ್ಟಿ ಎಲ್ಲವನ್ನೂ ಮೊದಲ ಸಲ ತೆರೆದಾಗಲೇ ಕ್ಯಾಶೆಗೆ (ಫೋನಲ್ಲೇ ಉಳಿಯುವ ಸಂಗ್ರಹಕ್ಕೆ) ಹಾಕಿಸಿ. ಸೈಟ್ ಎಚ್‌ಟಿಟಿಪಿಎಸ್‌ನಲ್ಲೇ ಇರಬೇಕು. ಹೆಸರಿನ ಪಟ್ಟಿ ಸೇರಿಸೋದನ್ನು ನಾನು ಮರೆತಿದ್ದೆ, ಮೇಲೆ ಹೋದರೆ ಗೆರೆ ಚೆನ್ನಾಗಿಯೇ ಬಂತು, ಒಂದು ಹೆಸರೂ ಇಲ್ಲ. ಹೊರಡುವ ಮುಂಚೆ ಏರೋಪ್ಲೇನ್ ಮೋಡ್ ಹಾಕಿ, ಬ್ರೌಸರ್ ಪೂರ್ತಿ ಮುಚ್ಚಿ, ಮತ್ತೆ ತೆರೆದು ಅಂಗಳದಲ್ಲಿ ನಿಂತು ನೋಡಿ. ನೆಟ್ ಇಲ್ಲದೆ ಜಿಪಿಎಸ್ ಜಾಗ ಹಿಡಿಯೋಕೆ ಕೆಲವು ನಿಮಿಷ ಬೇಕಾಗಬಹುದು, ಆಗಲೇ ಆ್ಯಪ್ ಕೆಟ್ಟಿದೆ ಅಂದುಕೊಳ್ಳಬೇಡಿ.