ಚಮಚದೆಲೆಯ ಸ್ಟೋನ್‌ಕ್ರಾಪ್: ಬಂಡೆಯ ಮೇಲೆ ಗುರುತಿಸಿ, ಕುಂಡದಲ್ಲಿ ಉಳಿಸುವ ಬಗೆ

ಚಮಚದೆಲೆಯ ಸ್ಟೋನ್‌ಕ್ರಾಪ್, ಅಂದರೆ ಸೀಡಂ ಸ್ಪಾತುಲಿಫೋಲಿಯಂ, ಹುಡುಕಿ ಹೊರಟರೆ ಮೊದಲು ಕಣ್ಣಾಡಿಸಬೇಕಾದ್ದು ಬಂಡೆಯ ಮೇಲೆ, ಅದರಲ್ಲೂ ಉತ್ತರಕ್ಕೆ ಮುಖ ಮಾಡಿದ ಬಂಡೆಯ ಮೇಲೆ. ಕೆನಡಾದ ಬ್ರಿಟಿಷ್ ಕೊಲಂಬಿಯಾದ ನೈಋತ್ಯ ಮೂಲೆಯಿಂದ, ಅಂದರೆ ವ್ಯಾಂಕೂವರ್ ದ್ವೀಪದ ಕಡೆಯಿಂದ, ವಾಷಿಂಗ್ಟನ್ ಮತ್ತು ಆರೆಗಾನ್ ಹಾದು ದಕ್ಷಿಣ ಕ್ಯಾಲಿಫೋರ್ನಿಯಾದ ಬೆಟ್ಟಗಳವರೆಗೆ ಇದರ ಸಹಜ ನೆಲೆ ಚಾಚಿದೆ. ಕಡಲಂಚಿನ ಕಡಿದಾದ ಬಂಡೆಯಲ್ಲೂ ಇದೆ, ಸಿಯೆರಾ ನೆವಾಡದ ಇಳಿಜಾರಿನಲ್ಲೂ ಇದೆ. ಈ ಉದ್ದಕ್ಕೂ ಹವಾಮಾನದ ಲೆಕ್ಕ ಒಂದೇ: ಮಳೆ ಚಳಿಗಾಲದಲ್ಲಿ, ಬೇಸಿಗೆ ಬಹುಪಾಲು ಒಣ. ಬಿರುಕಿನಲ್ಲಿ ಒಂದು ಹಿಡಿ ಮಣ್ಣು, ಪಕ್ಕದಲ್ಲಿ ಹಾವಸೆ, ಬಿದ್ದ ನೀರು ಆಗಿಂದಾಗಲೇ ಜಾರಿಹೋಗುವ ಓರೆ. ನೆಲೆಯ ತಂಪಾದ ಉತ್ತರ ಭಾಗದಲ್ಲಿ ಪೂರ್ತಿ ಬಿಸಿಲಿಗೂ ಮೈಯೊಡ್ಡುತ್ತದೆ. ದಕ್ಷಿಣಕ್ಕೆ ಬಂದಷ್ಟೂ ನೆರಳಿನ ಮಗ್ಗುಲು ಹಿಡಿಯುತ್ತದೆ. ಬೆಳೆಸುವವರು ಮಾಡುವ ಹೆಚ್ಚಿನ ತಪ್ಪುಗಳ ಬೇರು ಈ ಲೆಕ್ಕವನ್ನು ಮರೆಯುವುದರಲ್ಲಿದೆ.

ಗುರುತಿಸುವುದು

ಇದು ಕ್ರಾಸ್ಯುಲೇಸಿಯೇ ಕುಟುಂಬದ್ದು, ನಮ್ಮ ಕಾಡುಬಸಳೆಯ ಬಳಗ. ಎಲೆ ಒಂದೆರಡು ಸೆಂಟಿಮೀಟರ್ ಉದ್ದ, ದಪ್ಪ, ಆದರೆ ಮೇಲ್ಭಾಗ ಚಪ್ಪಟೆ. ಬುಡದಲ್ಲಿ ಕಿರಿದಾಗಿ ತುದಿಯಲ್ಲಿ ದುಂಡಗೆ ಅಗಲವಾಗುವುದರಿಂದ ಚಮಚದಂತೆ ಕಾಣುತ್ತದೆ. ಹೆಸರಿನ ಅರ್ಥವೂ ಅದೇ. ಎಲೆಗಳು ಒತ್ತೊತ್ತಾಗಿ ಸೇರಿ ಚಪ್ಪಟೆ ರೋಸೆಟ್, ಅಂದರೆ ಅರಳಿದ ಹೂವಿನಂಥ ಎಲೆಗೊಂಚಲು, ಆಗುತ್ತವೆ. ರೋಸೆಟ್‌ಗಳ ನಡುವೆ ಕಡ್ಡಿಯಷ್ಟು ತೆಳುವಾದ ಹಬ್ಬುಕಾಂಡಗಳು ಓಡಾಡಿ, ಪ್ರತಿ ತುದಿಯಲ್ಲೂ ಹೊಸ ರೋಸೆಟ್ ಕಟ್ಟುತ್ತವೆ. ಹೀಗೇ ಚಾಪೆ ಹರಡುತ್ತದೆ. ಬಣ್ಣವನ್ನು ನಂಬಬೇಡಿ. ಒಂದೇ ಬಂಡೆಯ ಮೇಲೆ ಹಸಿರು, ಬೂದಿ, ನೇರಳೆಗೆಂಪು ಮೂರೂ ಸಿಗುತ್ತವೆ. ಬಿಸಿಲು, ಚಳಿ, ನೀರಿನ ಕೊರತೆ ಹೆಚ್ಚಿದಂತೆ ಕೆಂಪು ಏರುತ್ತದೆ, ಅದು ರೋಗವಲ್ಲ.

ಹೂವಿನ ಕಾಲದಲ್ಲಿ, ಬಹುತೇಕ ಕಡೆ ಮೇ–ಜುಲೈನಲ್ಲಿ, ಹತ್ತು ಪಟ್ಟು ಹಿಗ್ಗಿಸುವ ಮಸೂರವಿದ್ದರೆ ಸಾಕು. ಐದು ಹಳದಿ ದಳ, ಹತ್ತು ಕೇಸರ, ನಡುವೆ ಐದು ಪುಟ್ಟ ಅಂಡಕೋಶಗಳು. ಬಲಿತಾಗ ಅವು ನಕ್ಷತ್ರದಂತೆ ಹೊರಚಾಚುತ್ತವೆ. ಆಮೇಲೆ ನೋಡಬೇಕಾದ್ದು ಹೂಕಾಂಡ ಎಲ್ಲಿಂದ ಎದ್ದಿದೆ ಎಂಬುದು. ಸೀಡಂನಲ್ಲಿ ರೋಸೆಟ್‌ನ ನಟ್ಟನಡುವೆಯೇ ಉದ್ದವಾಗಿ ಹೂಕಾಂಡವಾಗುತ್ತದೆ, ಬೀಜ ಉದುರಿದ ಮೇಲೆ ಆ ರೋಸೆಟ್ ಸಾಯುತ್ತದೆ, ಪಕ್ಕದವು ಮುಂದುವರಿಯುತ್ತವೆ. ಅದೇ ಕರಾವಳಿ ಬಂಡೆಗಳಲ್ಲಿ ಸಿಗುವ, ಇದೇ ಕುಟುಂಬದ ಡಡ್ಲಿಯಾ ಎಂಬ ಗಿಡದಲ್ಲಿ ಹೂಕಾಂಡ ಮಗ್ಗುಲಿನ ಎಲೆಗಳ ಕಂಕುಳಿನಿಂದ ಬರುತ್ತದೆ, ರೋಸೆಟ್‌ನ ನಡು ಹಾಗೇ ಉಳಿಯುತ್ತದೆ. ಬೂದಿ ಬಳಿದುಕೊಂಡ ಎರಡು ಗಿಡಗಳನ್ನು ಬೇರ್ಪಡಿಸಲು ಇದಕ್ಕಿಂತ ನಂಬಿಕೆಯ ಗುರುತಿಲ್ಲ.

ಸೋದರ ಜಾತಿಗಳಲ್ಲಿ ಸೀಡಂ ಒರೆಗಾನಂ ಎಲೆ ಬಿಳಿ ಮೇಣದ ಪುಡಿಯಿಲ್ಲದೆ ಮಿರಮಿರ ಹೊಳೆಯುತ್ತದೆ. ಸೀಡಂ ಡೈವರ್ಜೆನ್ಸ್‌ನಲ್ಲಿ ಎಲೆಗಳು ಕಾಳಿನಂತೆ ಉಬ್ಬಿ ಎದುರುಬದುರು ಜೋಡಿಯಾಗಿರುತ್ತವೆ. ಸೀಡಂ ಲ್ಯಾನ್ಸಿಯೋಲೇಟಂ ಎಲೆ ಕಿರಿದು, ಉರುಟು. ನೈಋತ್ಯ ಆರೆಗಾನ್ ಮತ್ತು ವಾಯವ್ಯ ಕ್ಯಾಲಿಫೋರ್ನಿಯಾದ ಸೀಡಂ ಲಾಕ್ಸಂ ಮಾತ್ರ ಹೂವಿಲ್ಲದಾಗ ಪಳಗಿದವರನ್ನೂ ಎಡವಿಸುತ್ತದೆ. ಹೂವು ಬಂದರೆ ಹಳದಿಯ ಬದಲು ಬಿಳಿ ಅಥವಾ ನಸುಗುಲಾಬಿ.

ಕಾಡಿನಿಂದ ಕೀಳಬೇಡಿ. ಅನುಮತಿಯಿಲ್ಲದೆ ಸಾರ್ವಜನಿಕ ಜಮೀನಿನ ಗಿಡ ತೆಗೆಯುವುದು ಕ್ಯಾಲಿಫೋರ್ನಿಯಾದಲ್ಲಿ ಅಪರಾಧ. ಡಡ್ಲಿಯಾ ಕಳ್ಳಸಾಗಣೆ ಮಿತಿಮೀರಿದ್ದಕ್ಕೆ 2021ರಲ್ಲಿ ಅದಕ್ಕೇ ಪ್ರತ್ಯೇಕ ಕಾನೂನು ಬಂದಿದೆ. ನರ್ಸರಿಯ ಒಂದೇ ಕುಂಡ ವರ್ಷದೊಳಗೆ ಹತ್ತಾರು ತುಂಡು ಕೊಡುತ್ತದೆ.

ನೆಡುವುದು

ಕುಂಡ ಅಗಲವಿರಲಿ, ಆಳ 8ರಿಂದ 10 ಸೆಂ.ಮೀ. ಸಾಕು. ಆಳದ ಕುಂಡದಲ್ಲಿ ಬೇರು ಮುಟ್ಟದ ಕೆಳಮಣ್ಣು ಒದ್ದೆಯಾಗಿಯೇ ಉಳಿಯುತ್ತದೆ. ಮೂರು ಪಾಲು ಪ್ಯೂಮಿಸ್ (ಹಗುರವಾದ, ತೂತುತೂತಾದ ಜ್ವಾಲಾಮುಖಿ ಕಲ್ಲು) ಅಥವಾ 3–6 ಮಿ.ಮೀ. ಜಲ್ಲಿ, ಒಂದು ಪಾಲು ಸಾಮಾನ್ಯ ಕುಂಡದ ಮಣ್ಣು. ಜಲ್ಲಿಯನ್ನು ತೊಳೆದು ಪುಡಿ ತೆಗೆಯದಿದ್ದರೆ ಆ ಪುಡಿಯೇ ತಳದಲ್ಲಿ ಕೆಸರಾಗಿ ನೀರು ಕಟ್ಟುತ್ತದೆ. ಮರಳು ಬೆರೆಸಿದರೆ ಸಾಕೆಂದು ಹಲವರು ಅಂದುಕೊಳ್ಳುತ್ತಾರೆ. ನಯವಾದ ಮರಳು ಕಾಳುಗಳ ನಡುವಿನ ಗಾಳಿಯ ಜಾಗ ಮುಚ್ಚುತ್ತದೆ, ಕೆಲಸ ಕೆಡುತ್ತದೆ.

ಬೇಸಿಗೆಯ ಸೆಕೆ ಇಳಿದು ಶರತ್ಕಾಲದ ಮಳೆ ಶುರುವಾಗುವ ಹೊತ್ತು ನಾಟಿಗೆ ಒಳ್ಳೆಯದು. ರೋಸೆಟ್ ಕೆಳಗೆ 2–3 ಸೆಂ.ಮೀ. ಕಾಂಡ ಬಿಟ್ಟು ಚೂಪಾದ ಕತ್ತರಿಯಲ್ಲಿ ಕತ್ತರಿಸಿ, ಕೆಳಗಿನ ಎಲೆ ಬಿಡಿಸಿ, ನೆರಳಿನಲ್ಲಿ ಒಂದೆರಡು ದಿನ ಇಡಿ. ಕತ್ತರಿಸಿದ ಬಾಯಿ ಒಣಗಿ ಬಿಗಿಯಬೇಕು. ನಂತರ ರೋಸೆಟ್ ಜಲ್ಲಿಗೆ ತಾಗುವಂತೆ ಕಾಂಡವನ್ನು ಇಳಿಸಿ, 5 ಸೆಂ.ಮೀ. ಅಂತರ ಕೊಟ್ಟು, ಒಮ್ಮೆ ನೀರು ಹಾಕಿ ಬಿಟ್ಟುಬಿಡಿ. ಎರಡರಿಂದ ನಾಲ್ಕು ವಾರದಲ್ಲಿ ಮೆಲ್ಲಗೆ ಎಳೆದರೆ ಗಿಡ ಹಿಡಿದುಕೊಂಡಿರಬೇಕು. ಮುಟ್ಟುವಾಗ ಕಾಂಡವನ್ನೇ ಹಿಡಿಯಿರಿ. ಎಲೆಯ ಮೇಲಿನ ಬಿಳಿ ಪುಡಿ ಮೇಣ. ಬೆರಳು ತಾಗಿದ ಕಡೆ ಗುರುತು ಕೂತರೆ ಆ ಬಲಿತ ಎಲೆ ಇರುವಷ್ಟು ದಿನವೂ ಅದು ಕಾಣುತ್ತದೆ. ಹಿಟ್ಟು ಬಳಿದಂತಿರುವ ‘ಕೇಪ್ ಬ್ಲಾಂಕೋ’ ತಳಿಯಲ್ಲಿ ಇದು ಎದ್ದು ತೋರುತ್ತದೆ. (ಆ ಹೆಸರು ಆರೆಗಾನ್ ಕರಾವಳಿಯ ಭೂಶಿರದ್ದು, ಚೀಟಿಯಲ್ಲಿ ‘ಕಾಪೋ ಬ್ಲಾಂಕೋ’ ಎಂದಿದ್ದರೂ ಗಿಡ ಅದೇ.)

ಬೀಜ ಧೂಳಿನಷ್ಟು ಸಣ್ಣದು. ಒಣ ಮರಳಿನಲ್ಲಿ ಬೆರೆಸಿ ಮೇಲ್ಮೈಗೆ ಉದುರಿಸಿ, ಮುಚ್ಚದೆ, ತಟ್ಟೆಯಿಂದ ತಳಕ್ಕೆ ನೀರು ಏರಿಸಬೇಕು. ಹೆಸರಿಟ್ಟ ತಳಿಗಳು ಬೀಜದಿಂದ ತಾಯಿಯಂತೆ ಬರುವ ಭರವಸೆಯಿಲ್ಲ.

ಎಲ್ಲಿ ಕೆಡುತ್ತದೆ

ಚಳಿಗಿಂತ ಬಿಸಿ ಮಣ್ಣಿನಲ್ಲಿ ನಿಂತ ನೀರು ಇದನ್ನು ಬೇಗ ಕೊಲ್ಲುತ್ತದೆ. ಬೇಸಿಗೆಯಲ್ಲಿ ಕುಂಡಕ್ಕೆ ಎರಡು ಮೂರು ವಾರಕ್ಕೊಮ್ಮೆ, ಬೆಳಗ್ಗೆ, ಬುಡಕ್ಕೆ ಮಾತ್ರ ನೀರು. ಎಲೆ ತುಸು ಸುಕ್ಕಾದರೆ ಗಾಬರಿ ಬೇಡ, ಬಾಯಾರಿಕೆ ಅಷ್ಟೇ. ಎಲೆ ಅರೆಪಾರದರ್ಶಕವಾಗಿ ಮೆತ್ತಗಾಗಿ, ಮುಟ್ಟಿದರೆ ಕಳಚಿ ಬೀಳುತ್ತಿದ್ದರೆ ಬುಡ ಕೊಳೆತಿದೆ. ಆಗ ನೀರು ನಿಲ್ಲಿಸಿ ಕಾಯುತ್ತ ಕೂರಬೇಡಿ. ಮೇಲಿನ ಗಟ್ಟಿ ರೋಸೆಟ್‌ಗಳನ್ನು ಕತ್ತರಿಸಿ. ಕತ್ತರಿಸಿದ ಜಾಗದಲ್ಲಿ ಕಂದು ಉಂಗುರ ಕಂಡರೆ ಅದು ಹೋಗುವವರೆಗೂ ಮೇಲಕ್ಕೆ ಸವರುತ್ತ ಹೋಗಿ, ಒಣಗಿಸಿ, ಹೊಸ ಮಿಶ್ರಣಕ್ಕೆ ನೆಡಿ.

ರೋಸೆಟ್ ಬಿಚ್ಚಿಕೊಂಡು ಕಾಂಡ ನೀಳವಾಗುತ್ತಿದ್ದರೆ ಬೆಳಕು ಸಾಲದು. ಒಮ್ಮೆಲೇ ಸುಡುಬಿಸಿಲಿಗೆ ಇಟ್ಟರೆ ಎಲೆ ಬೇಯುತ್ತದೆ, ಎರಡು ವಾರ ಹಿಡಿದು ಸರಿಸಿ. ಗೊಬ್ಬರ ಬೇಡವೆಂದರೂ ನಡೆಯುತ್ತದೆ. ಸಾರಜನಕ ಹೆಚ್ಚಾದರೆ ಎಲೆ ಮೆದುವಾಗಿ ಉಬ್ಬಿ, ಸಸ್ಯಹೇನಿಗೆ ಔತಣ.

ಒಣಗಿದ ಹೂಕಾಂಡವನ್ನು ಬೀಜ ಉದುರಿದ ಮೇಲೆ ಕತ್ತರಿಸಬಹುದು. ಆದರೆ ಸ್ಯಾನ್ ಫ್ರಾನ್ಸಿಸ್ಕೋದ ದಕ್ಷಿಣಕ್ಕೆ, ಸ್ಯಾನ್ ಬ್ರೂನೋ ಬೆಟ್ಟದ ಸುತ್ತಮುತ್ತ ಬೆಳೆಸುವವರು ಬುಡದ ತರಗೆಲೆ ಗುಡಿಸಬಾರದು, ಕೀಟನಾಶಕವನ್ನೂ ಸಿಂಪಡಿಸಬಾರದು. 1976ರಿಂದ ಅಳಿವಿನಂಚಿನ ಪಟ್ಟಿಯಲ್ಲಿರುವ ಸ್ಯಾನ್ ಬ್ರೂನೋ ಎಲ್ಫಿನ್ ಚಿಟ್ಟೆಯ ಮರಿಹುಳುಗಳಿಗೆ ಈ ಗಿಡವೇ ಆಹಾರ. ಎಲೆ, ಹೂವು ತಿಂದು ಬಲಿತ ಹುಳು ಬುಡದ ಕಸದಲ್ಲೇ ಕೋಶ ಕಟ್ಟಿ, ಬೇಸಿಗೆಯಿಂದ ಮುಂದಿನ ವಸಂತದವರೆಗೆ ಅಲ್ಲೇ ಮಲಗಿರುತ್ತದೆ.