ಹವಾಯಿ ಕಡೆ ಚಂಡಮಾರುತ ಹೊರಟಿದೆ, ಅಲೆ ಯಾವಾಗ ಬರುತ್ತೆ?

ಮಗ ಸೊಸೆ ಹೊನೊಲುಲುವಿನಲ್ಲಿದ್ದಾರೆ. ಇಲ್ಲಿ ಟಿವಿಯಲ್ಲಿ ಚಂಡಮಾರುತದ ಸುದ್ದಿ. ಗಾಬರಿಯಾಗಿ ಫೋನ್ ಮಾಡಿದರೆ "ಒಳ್ಳೇ ಬಿಸಿಲಿದೆ ಅಮ್ಮ, ಬೀಚಿಗೆ ಹೊರಟಿದ್ದೀವಿ" ಅನ್ನುತ್ತಾರೆ. ನಾನಾದರೆ ಹೆದರುವುದು ಆ ಬಿಸಿಲಿಗೇ. ಗಾಳಿಗಿಂತ ಮುಂಚೆ ಅಲೆ ಬರುತ್ತದೆ, ಎಷ್ಟೋ ಸಲ ಅಲೆ ಮಾತ್ರ ಬಂದು ಹೋಗುತ್ತದೆ.

ಮೊದಲು, ವಾಟ್ಸಾಪ್ ನಕ್ಷೆಗಳನ್ನು ಬಿಡಿ. ಚಂಡಮಾರುತ 140 ಡಿಗ್ರಿ ಪಶ್ಚಿಮ ರೇಖಾಂಶದ ಆಚೆ, ಅಂದರೆ ಮೆಕ್ಸಿಕೊ ಕಡೆ ಇದ್ದರೆ ಮಯಾಮಿಯ ರಾಷ್ಟ್ರೀಯ ಹರಿಕೇನ್ ಕೇಂದ್ರ ಹೇಳಿದ್ದನ್ನು ನೋಡಿ. ಆ ಗೆರೆ ದಾಟಿ ಈಚೆ ಬಂದರೆ ಹೊನೊಲುಲುವಿನ ಮಧ್ಯ ಪೆಸಿಫಿಕ್ ಹರಿಕೇನ್ ಕೇಂದ್ರ. ಆರು ಗಂಟೆಗೊಮ್ಮೆ ಹೊಸ ವರದಿ ಬರುತ್ತದೆ. ಅಲ್ಲಿನ ಬೆಳಗಿನ 5 ಗಂಟೆ ಅಂದರೆ ನಮಗೆ ರಾತ್ರಿ 8:30, ಅಲ್ಲಿನ ಸಂಜೆ 5 ಅಂದರೆ ನಮಗೆ ಬೆಳಿಗ್ಗೆ 8:30. ದಿನಕ್ಕೆ ಈ ಎರಡು ನೋಡಿದರೆ ಸಾಕು, ನಿದ್ದೆ ಕೆಡಿಸಿಕೊಳ್ಳಬೇಡಿ.

ಆಮೇಲೆ ಈ ಕೇಂದ್ರಗಳ ನಕ್ಷೆಯ ಮೇಲಿನ ಬಿಳಿ ಕೋನ್. ಅದು ಚಂಡಮಾರುತದ ಗಾತ್ರ ಅಲ್ಲ, ಅದರ ನಡುಭಾಗ ಎಲ್ಲೆಲ್ಲಿ ಹೋಗಬಹುದು ಅನ್ನುವ ಅಂದಾಜು. ಅದೂ ಮೂರರಲ್ಲಿ ಎರಡು ಸಲ ಮಾತ್ರ ಸರಿ ಇರುತ್ತದೆ. 1992ರಲ್ಲಿ ಇನಿಕಿ ಅನ್ನುವ ಚಂಡಮಾರುತ, ಹವಾಯಿ ದ್ವೀಪಗಳ ದಕ್ಷಿಣಕ್ಕೆ ಪಶ್ಚಿಮದ ಕಡೆ ಹೋಗುತ್ತಿದ್ದದ್ದು ಉತ್ತರಕ್ಕೆ ತಿರುಗಿ, ಸೆಪ್ಟೆಂಬರ್ 11ರಂದು ಅಲ್ಲಿನ ಕವಾಯಿ ದ್ವೀಪಕ್ಕೆ ಅಪ್ಪಳಿಸಿತು. 'ವಾಚ್' ಅಂದರೆ ಸುಮಾರು 48 ಗಂಟೆಯೊಳಗೆ ಬರಬಹುದು, 'ವಾರ್ನಿಂಗ್' ಅಂದರೆ 36 ಗಂಟೆಯೊಳಗೆ ಬರುವ ಹಾಗೇ ಇದೆ.

ಇನ್ನು ಅಲೆ. ಸಮುದ್ರದಲ್ಲಿ ಲಂಗರು ಹಾಕಿ ತೇಲಿಬಿಟ್ಟಿರುವ ಅಳತೆ ಯಂತ್ರಗಳಿವೆ, ಅವುಗಳ ಲೆಕ್ಕ ಇಂಟರ್ನೆಟ್‌ನಲ್ಲಿ ಯಾರು ಬೇಕಾದರೂ ನೋಡಬಹುದು. ಚಂಡಮಾರುತ ಪೂರ್ವದಿಂದ ಬರುತ್ತಿದ್ದರೆ 51004 ನಂಬರಿನ ಯಂತ್ರ ನೋಡಿ, ಅದು ಹವಾಯಿಯ ಹಿಲೋ ಊರಿನ ಆಗ್ನೇಯಕ್ಕಿದೆ. ಎಲ್ಲರೂ ಎತ್ತರ ಮಾತ್ರ ನೋಡುತ್ತಾರೆ. ಅದಕ್ಕಿಂತ ಜಾಸ್ತಿ ಹೇಳುವುದು ಒಂದು ಅಲೆಗೂ ಮುಂದಿನ ಅಲೆಗೂ ಎಷ್ಟು ಸೆಕೆಂಡ್ ಅನ್ನುವುದು. 6–8 ಸೆಕೆಂಡ್ ಇದ್ದರೆ ಅಲ್ಲೇ ಗಾಳಿಗೆ ಎದ್ದ ಅಲೆ. 14–15 ಆಯಿತು ಅಂದರೆ ದೂರದಲ್ಲಿ ಯಾವುದೋ ದೊಡ್ಡದು ಕಡಲನ್ನು ಕಲಕುತ್ತಿದೆ ಅಂತ. ಆ ಸೆಕೆಂಡನ್ನು 2.8ರಿಂದ ಗುಣಿಸಿ, ಅಲೆಗಳ ಗುಂಪು ಗಂಟೆಗೆ ಎಷ್ಟು ಕಿ.ಮೀ. ಸಾಗುತ್ತದೆ ಅಂತ ಸಿಗುತ್ತದೆ. 15 ಸೆಕೆಂಡಿಗೆ 42 ಕಿ.ಮೀ. ಚಂಡಮಾರುತವೇ ಗಂಟೆಗೆ 20–25 ಕಿ.ಮೀ. ಬರುತ್ತಿದ್ದರೆ, ಸಾವಿರ ಕಿ.ಮೀ. ದಾಟಲು ಅದಕ್ಕೆ ಎರಡು ದಿನ ಬೇಕು, ಅಲೆಗೆ ಒಂದೇ ದಿನ. ಮಗ ಬೀಚಿಗೆ ಹೊರಟದ್ದು ಆ ನಡುವಿನ ಬಿಸಿಲಿನಲ್ಲಿ, ಅಲ್ವಾ?

ಯಂತ್ರ ತೋರಿಸುವ ಎತ್ತರವೂ ಸರಾಸರಿ, ಅದೂ ದೊಡ್ಡ ಮೂರನೇ ಒಂದು ಭಾಗದ ಅಲೆಗಳದ್ದು. ನಡುವೆ ಅದರ ಎರಡರಷ್ಟು ಎತ್ತರದ್ದೂ ಒಂದು ಬರಬಹುದು.

ಅಡಿ ಲೆಕ್ಕದಲ್ಲಿ ಒಂದು ತಮಾಷೆ ಇದೆ. ಹವಾಯಿಯ ಹಳೇ ಸರ್ಫರ್‌ಗಳು, ಅಂದರೆ ಹಲಗೆ ಮೇಲೆ ನಿಂತು ಅಲೆ ಸವಾರಿ ಮಾಡುವವರು, ಅಲೆಯನ್ನು ಬೆನ್ನಿನ ಕಡೆಯಿಂದ ಅಳೆಯುತ್ತಾರಂತೆ, ಅವರು "ಹತ್ತಡಿ" ಅಂದರೆ ದಡದಲ್ಲಿ ನಿಂತವರಿಗೆ ಇಪ್ಪತ್ತಡಿ! ಅಲ್ಲಿನ ಹವಾಮಾನ ಇಲಾಖೆ ಹೇಳುವುದು ಮುಂಭಾಗದ ಪೂರ್ತಿ ಎತ್ತರ. ಉತ್ತರದ ದಡಗಳಿಗೆ 15 ಅಡಿಗೆ ಸೂಚನೆ, 25 ಅಡಿಗೆ ಎಚ್ಚರಿಕೆ. ಪೂರ್ವ, ದಕ್ಷಿಣದ ದಡಗಳಿಗೆ ಮಿತಿ ಇನ್ನೂ ಕಡಿಮೆ, ಹಾಗಾಗಿ ಮಕ್ಕಳು ಹೋಗುತ್ತಿರುವ ಬೀಚ್ ಯಾವ ದಿಕ್ಕಿಗಿದೆ ಅಂತ ಕೇಳಿ.

ಚಂಡಮಾರುತ ದೂರ ಹೋಯಿತು ಅಂದಾಗಲೂ ಅಲೆಯ ಎಚ್ಚರಿಕೆ ತೆಗೆದಿದ್ದಾರಾ ಅಂತ ಬೇರೆಯಾಗಿ ನೋಡಿ. 2014ರಲ್ಲಿ ಮರೀ ಅನ್ನುವ ಚಂಡಮಾರುತ ನೆಲಕ್ಕೆ ಕಾಲೇ ಇಡಲಿಲ್ಲ, ಆದರೂ ಅದರ ಅಲೆಗಳು ಕ್ಯಾಲಿಫೋರ್ನಿಯಾದ ಮಾಲಿಬು ದಡದವರೆಗೆ ಹೋಗಿ ಬಡಿದವು.